ಆರನೆಯ ವಿದ್ಯಾರ್ಥಿ

“ಐದೇ ಜನ ಇದ್ದಾರಲ್ಲ ಸಾರ್! ಆರನೆಯವನೆಲ್ಲಿ?” ಹೀಬ್ರೂ ತರಗತಿಯ ಬಾಗಿಲಲ್ಲಿ ನಿಂತು ತಲೆ ಎಣಿಸಿದ ಪ್ರಿನ್ಸಿಪಾಲರ ಹಣೆ ಬೆವರಿತು.

“ಡ್ರೈವರ್ ತಾನೆ? ದಾನಿಗಳ ಸಂಘದ ಅಮ್ಮನವರನ್ನ ಕರ್ಕೊಂಡು ಬರೋಕೆ ಸ್ಟೇಷನ್ನಿಗೆ ಹೋಗಿದ್ದಾನೆ,” ಎಂದರು ಮೇಷ್ಟ್ರು, ಸೀಮೆಸುಣ್ಣ ಹುಡುಕುತ್ತ.

“ಅಯ್ಯೋ, ಅವನನ್ಯಾಕೆ ಕಳಿಸಿದ್ರಿ?”

“ನಾನೆಲ್ಲಿ ಕಳಿಸ್ದೆ? ಬೆಳಿಗ್ಗೆ ಕೀ ಕೊಟ್ಟು ಓಡಿಸಿದ್ದು ನೀನೇ ಅಲ್ವೇನಯ್ಯಾ?”

ಪ್ರಿನ್ಸಿಪಾಲರು ಇದೇ ಲೂಥರನ್ ಸೆಮಿನರಿಯಲ್ಲಿ ಪಾದ್ರಿಯಾಗಲು ಓದುವಾಗ ಈ ಮೇಷ್ಟ್ರ ಹತ್ತಿರವೇ ಬೈಬಲಿನ ಮೂಲ ಭಾಷೆಯಾದ ಹೀಬ್ರೂ ಕಲಿತವರು. ಕಲಿತರು ಎನ್ನುವುದು ಕೊಂಚ ದೊಡ್ಡ ಮಾತು. ಆ ಕಬ್ಬಿಣದ ಕಡಲೆಯಲ್ಲಿ ಅವರಿಗೆ ಬಂದ ಮೂವತ್ತೆಂಟು ಅಂಕಕ್ಕೆ ಮೇಷ್ಟ್ರು ಎರಡು ಸೇರಿಸಿ ದಡ ಹತ್ತಿಸಿದ್ದರು. ಆರು ಜನರಿಲ್ಲದ ತರಗತಿಗೆ ಮುಂದಿನ ವರ್ಷದಿಂದ ನೆರವಿಲ್ಲ, ಎಣಿಸಿ ನೋಡಲು ಒಬ್ಬರು ಬರುತ್ತಾರೆ ಎಂದು ಎರಡು ತಿಂಗಳ ಹಿಂದೆ ದಾನಿಗಳಿಂದ ಪತ್ರ ಬಂದಾಗ ಪ್ರಿನ್ಸಿಪಾಲರಿಗೆ ಮೊದಲು ನೆನಪಾದದ್ದು ಆ ಎರಡು ಅಂಕ. ಹೀಬ್ರೂಗೆ ಇದ್ದವರು ಮೂವರೇ. ಉಳಿದವರೆಲ್ಲ ಆಡಳಿತದ ಡಿಪ್ಲೊಮಾ ಎಂದು ಆ ಕಡೆ ಹಾರಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮೇಷ್ಟ್ರಿಗೆ ಬದುಕು ಅಂತ ಉಳಿದಿದ್ದುದು ಈ ಒಂದು ಕೋಣೆ. ಇದಕ್ಕೂ ಬೀಗ ಬಿದ್ದರೆ ಮುದುಕ ಏನು ಮಾಡಬೇಕು?

“ಅಡುಗೆಯಮ್ಮ, ಮಾಲಿ, ಡ್ರೈವರ್, ಮೂವರೂ ಅವತ್ತೊಂದು ಗಂಟೆ ಹಿಂದಿನ ಬೆಂಚಲ್ಲಿ ಸುಮ್ನೆ ಕೂತಿರ್ಲಿ ಸಾರ್,” ಎಂದು ಅವರು ಗುಟ್ಟಾಗಿ ಉಪಾಯ ಹೇಳಿದ್ದರು. ಮೇಷ್ಟ್ರಿಗೆ ಅದು ಸರಿಬರಲಿಲ್ಲ. “ಸುಮ್ನೆ ಕೂರೋಕೆ ಇದೇನು ಬಸ್‌ಸ್ಟ್ಯಾಂಡೇ? ಕೂತವರು ಕಲೀಬೇಕು,” ಎಂದವರು ಮರುದಿನದಿಂದಲೇ ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಮೂವರನ್ನೂ ಕೂರಿಸಿಕೊಂಡು ಅಕ್ಷರ ತಿದ್ದಿಸತೊಡಗಿದ್ದರು.

ಕಾರು ಬಂತು. ದಾನಿಗಳ ಸಂಘದ ಅಮ್ಮನವರು ಕನ್ನಡಕ ಸರಿಮಾಡಿಕೊಳ್ಳುತ್ತ ಒಳಗೆ ಬಂದು, ಎದ್ದು ನಿಂತವರನ್ನೆಲ್ಲ ಕೂರಿಸಿ, ಫೈಲು ತೆರೆದರು. ಅಷ್ಟರಲ್ಲಿ ಹಿಂದಿನ ಬಾಗಿಲಿಂದ ಡ್ರೈವರ್ ಬಂದ. ಬರಬೇಡ ಎಂದು ಪ್ರಿನ್ಸಿಪಾಲರು ಕಣ್ಣಲ್ಲಿ ಎಷ್ಟು ಸನ್ನೆ ಮಾಡಿದರೂ ಅವನಿಗೆ ಕಾಣಲಿಲ್ಲ. ಕಾರಿನ ಕೀ ಜೇಬಿಗೆ ಹಾಕಿಕೊಂಡು, ಮಾಲಿಯ ಪಕ್ಕ ಕೂತು, ಅಂಗಿಯೊಳಗಿಂದ ನೋಟ್‌ಬುಕ್ ತೆಗೆದ.

“ತಡ ಆಯ್ತು ಸಾರ್, ಕ್ಷಮಿಸಿ. ಇವ್ರ ರೈಲು ಲೇಟು.”

ಅಮ್ಮನವರು ಹಿಂದೆ ತಿರುಗಿದರು. “ನೀವು ಈಗ ನನ್ನ ಕರ್ಕೊಂಡು ಬಂದವರಲ್ವಾ? ದಾರಿಯುದ್ದಕ್ಕೂ ಏನೋ ಗೊಣಗ್ತಿದ್ರಿ. ಟ್ರಾಫಿಕ್ಕಿಗೆ ಹೆದರಿ ಪ್ರಾರ್ಥನೆ ಮಾಡ್ತಿದ್ದೀರಿ ಅಂದ್ಕೊಂಡಿದ್ದೆ.”

“ಇಲ್ಲಮ್ಮಾ, ಕ್ರಿಯಾಪದ. ಇವತ್ತು ಮೇಷ್ಟ್ರು ಕೇಳ್ತಾರೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಏನೂ ಕೇಳದಿದ್ದರೂ ಪ್ರಿನ್ಸಿಪಾಲರು “ತಪ್ಪು ನಂದೇ ಅಮ್ಮಾ” ಎಂದು ಶುರುಮಾಡಿ, ಪತ್ರ ಬಂದದ್ದರಿಂದ ಹಿಡಿದು ಹಿಂದಿನ ಬೆಂಚಿನವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟರು. ಅಡುಗೆಯಮ್ಮ ಸೆರಗಿನ ತುದಿ ತಿರುಚುತ್ತ ಕೂತಳು.

“ಅವನ ಮೇಲೆ ಕೋಪ ಬೇಡಮ್ಮಾ,” ಎಂದರು ಮೇಷ್ಟ್ರು. “ನನ್ನ ಮೇಲಿನ ಪ್ರೀತಿಗೆ ಮಾಡಿದ್ದು. ಪರೀಕ್ಷೇಲೂ ಹೀಗೇ, ಸಿಕ್ಕಿಬೀಳೋ ಹಾಗೇ ಕಾಪಿ ಹೊಡೀತಿದ್ದ.”

ಅಮ್ಮನವರು ನಗಲಿಲ್ಲ. ಡ್ರೈವರನನ್ನೇ ನೋಡುತ್ತ ಕೇಳಿದರು. “ನೀವು ಪಾದ್ರಿ ಆಗ್ತೀರಾ?”

“ಇಲ್ಲಮ್ಮಾ. ಗಾಡಿ ಓಡಿಸ್ಕೊಂಡೇ ಇರ್ತೀನಿ.”

“ಮತ್ತೆ ಸುಮ್ನೆ ಕೂರೋದು ಬಿಟ್ಟು ಕಲಿಯೋ ಕಷ್ಟ ಯಾಕೆ?”

ಅವನು ತಲೆ ಕೆರೆದುಕೊಂಡ. “ಇಪ್ಪತ್ತು ವರ್ಷದಿಂದ ಓದಿದೋರನ್ನ ಕೂರಿಸ್ಕೊಂಡು ಓಡಾಡ್ತಿದ್ದೀನಿ. ಹಿಂದಿನ ಸೀಟಲ್ಲಿ ಅವ್ರವ್ರೇ ಏನೇನೋ ವಾದ ಮಾಡ್ಕೊಳ್ಳೋರು, ನನಗೊಂದೂ ತಿಳೀತಿರ್ಲಿಲ್ಲ. ಈಗ ಅಷ್ಟಿಷ್ಟು ತಿಳಿಯುತ್ತೆ. ತಪ್ಪು ಹೇಳಿದ್ರೂ ಗೊತ್ತಾಗುತ್ತೆ. ಕನ್ನಡಿ ಕಡೆ ನೋಡದೆ ಸುಮ್ನೆ ಓಡಿಸ್ತೀನಿ.”

ಮುಂದಿನ ಬೆಂಚಿನ ಮೂವರು ವಿದ್ಯಾರ್ಥಿಗಳು ತಲೆ ತಗ್ಗಿಸಿದರು. ಮೇಷ್ಟ್ರಿಗೆ ಮಾತ್ರ ಸಂತೋಷದಿಂದ ಹೊಟ್ಟೆ ತುಂಬಿತು. ಇನ್ನು ತರಗತಿ ಮುಚ್ಚಿದರೂ ತನ್ನ ಪಾಠ ಒಂದು ಸ್ಟೇರಿಂಗ್ ಹಿಂದೆ ಕೂತು ಊರೆಲ್ಲ ಓಡಾಡುತ್ತಿರುತ್ತದೆ ಎಂದುಕೊಂಡರು.

“ಆರು ಜನ ಕಲೀತಿರ್ಬೇಕು ಅಂತ ನಾವು ಕೇಳಿದ್ದು,” ಎಂದರು ಅಮ್ಮನವರು. “ಕಲೀತಿದ್ದಾರೆ. ಪ್ರಿನ್ಸಿಪಾಲರೇ, ಕದ್ದುಮುಚ್ಚಿ ಬೇಡ, ನಾಳೆನೇ ಈ ಮೂವರ ಹೆಸರನ್ನೂ ದಾಖಲೆಗೆ ಹತ್ತಿಸಿ.” ಫೈಲಿನಲ್ಲಿ ಏನೋ ಬರೆದು ಮುಚ್ಚಿದರು. ಆದರೂ ಹೊರಡಲಿಲ್ಲ. “ನಮ್ಮ ಸಂಘದ ಹೆಂಗಸರು ಜಾಮ್ ಮಾರಿ, ಸ್ವೆಟರ್ ಹೆಣೆದು, ಮೂವತ್ತು ವರ್ಷದಿಂದ ಈ ತರಗತಿ ನಡೆಸ್ತಿದ್ದೀವಿ. ಇಲ್ಲಿ ಕಲಿಸೋ ಒಂದಕ್ಷರ ಹೇಗಿರುತ್ತೆ ಅಂತ ನಾವ್ಯಾರೂ ನೋಡೇ ಇಲ್ಲ.”

ಹಿಂದಿನ ಬೆಂಚಿಗೆ ಹೋಗಿ, “ಸ್ವಲ್ಪ ಜರುಗಿ ತಾಯಿ,” ಎಂದು ಅಡುಗೆಯಮ್ಮನ ಪಕ್ಕ ಕೂತರು. ಪುಸ್ತಕ ಎಳೆದುಕೊಂಡು, ಮೊದಲ ಸಾಲಿನ ಎಡತುದಿಗೆ ಬೆರಳಿಟ್ಟು, ಶಾಲೆಗೆ ಸೇರಿದ ಹುಡುಗಿಯ ಹಾಗೆ ನೆಟ್ಟಗೆ ಕಾದರು.

ಡ್ರೈವರ್ ಮೇಷ್ಟ್ರ ಮುಖ ನೋಡಿದ. ನೀನೇ ಹೇಳಿಕೊಡು ಎನ್ನುವಂತೆ ಅವರು ತಲೆಯಾಡಿಸಿದರು.

“ಅಮ್ಮಾ, ರಾಂಗ್ ಸೈಡಲ್ಲಿ ಬರ್ತಿದ್ದೀರಿ,” ಎಂದ ಅವನು, ಮೆಲ್ಲಗೆ. “ಇದು ಬಲಗಡೆಯಿಂದ ಶುರು.”