ಮರಿಯಮ್ಮ ರಸ್ತೆ ದಾಟಿದ್ದು

ಅಮೃತಹಳ್ಳಿಯ ದೊಡ್ಡ ರಸ್ತೆಯಲ್ಲಿ ಮುನಿಯಲ್ಲಪ್ಪ ತನ್ನ ಬಿಳಿ ಜೀಪು ನಿಲ್ಲಿಸಿಕೊಂಡು ಕೂತು ಒಂದು ನಿಮಿಷವಾಗಿತ್ತು. ಮುಂದೆ ಜೀಬ್ರಾ ಪಟ್ಟೆ, ಮೊನ್ನೆಯಷ್ಟೇ ಟೀವಿಯವರೇ ಬಳಿಸಿದ್ದು. ಪಟ್ಟೆಯ ತುದಿಯಲ್ಲಿ ದಂಟಿನ ಸೊಪ್ಪಿನ ಕಟ್ಟು ಕಂಕುಳಲ್ಲಿಟ್ಟುಕೊಂಡು ನಿಂತವಳು ಅವನ ಊರಿನ ಮರಿಯಮ್ಮ. ಅವಳು ದಾಟಬೇಕು, ಆಮೇಲೆ ಇವನು ಹೋಗಬೇಕು. ಇಷ್ಟೇ ಕೆಲಸ. ಅವಳು ದಾಟುತ್ತಿರಲಿಲ್ಲ.

ಕೆಟ್ಟ ಡ್ರೈವರುಗಳನ್ನು ತಿದ್ದುವ ‘ದಾರಿಗೆ ಬಾ ಗುರು’ ಎಂಬ ಟೀವಿ ಸ್ಪರ್ಧೆಯ ಕೊನೆಯ ಸುತ್ತು ಅದು. ಹಿಂದಿನ ಸೀಟಿನಲ್ಲಿ ಕ್ಯಾಮೆರಾ. ಪಕ್ಕದ ಸೀಟಿನಲ್ಲಿ, ಒಂಬತ್ತು ವಾರ ಅವನಿಗೆ ಪಾಠ ಹೇಳಿದ ವಿಜಯಪುರದ ಸ್ಮಿತಾ ಮೇಡಂ, ತೊಡೆಯ ಮೇಲೆ ಅಂಕದ ಹಾಳೆ. ಇನ್ನು ಆರು ನಿಮಿಷದೊಳಗೆ ಸಹಕಾರನಗರದ ಪಾರ್ಕಿನ ಗೇಟು ಮುಟ್ಟಿದರೆ ಮುನಿಯಲ್ಲಪ್ಪ ಪಾಸು. ಇಲ್ಲದಿದ್ದರೆ, ಅವನ ಹೆಸರನ್ನು ಟೀವಿಯವರಿಗೆ ಬರೆದು ಕಳಿಸಿದ ಸೊಸೆ ಶಾಂತಲಾಳ ಕೈಗೆ ಇಡೀ ಕರ್ನಾಟಕದ ಎದುರು ಜೀಪಿನ ಕೀ ಒಪ್ಪಿಸಿ, ಇನ್ನು ಮುಟ್ಟುವುದಿಲ್ಲ ಅನ್ನಬೇಕು. ಹಾಗಂತ ಸಹಿ ಹಾಕಿದ್ದ. ಓದಿ ಹಾಕಿದ್ದನೇ ಅಂತ ಮಾತ್ರ ಕೇಳಬೇಡಿ.

ಮುನಿಯಲ್ಲಪ್ಪ ಕೆಟ್ಟ ಮನುಷ್ಯನಲ್ಲ. ಈ ರಸ್ತೆ ಇರುವ ಜಾಗ ಒಂದು ಕಾಲಕ್ಕೆ ಅವನಪ್ಪನ ರಾಗಿ ಹೊಲ. ತನ್ನ ಹೊಲದಲ್ಲಿ ಹೀಗೆ ಹೋಗು, ಹಾಗೆ ಹೋಗಬೇಡ ಅಂತ ಯಾರೋ ಬಂದು ಬೋರ್ಡು ನೆಟ್ಟರೆ ಅವನಿಗೆ ತಲೆಗೇ ಹೋಗುತ್ತಿರಲಿಲ್ಲ. ಒಂಬತ್ತು ವಾರದಲ್ಲಿ ಹೋಯಿತು. ಈಗ ಕನ್ನಡಿ ನೋಡುತ್ತಾನೆ, ಇಂಡಿಕೇಟರ್ ಹಾಕುತ್ತಾನೆ. ಗುಡಿ ಎದುರಾದರೆ ಮೊದಲಿನ ಹಾಗೆ ಸ್ಟೇರಿಂಗ್ ಬಿಟ್ಟು ಎರಡೂ ಕೈ ಮುಗಿಯುವುದಿಲ್ಲ, ಮನಸ್ಸಿನಲ್ಲೇ ಮುಗಿಯುತ್ತಾನೆ.

“ದಾಟಕ್ಕ, ಮರಿಯಕ್ಕ!” ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ನೀನ್ ಓಗಪ್ಪ ಮೊದ್ಲು.”

“ನಾನ್ ಓಗಂಗಿಲ್ಲ. ನೀನ್ ದಾಟಿದ್ಮೇಲೇ ನಾನು. ರೂಲ್ಸು.”

“ನೀನ್ ಓದ್ಮೇಲೇ ನಾನ್ ದಾಟಾದು. ಇಪ್ಪತ್ ವರ್ಸದಿಂದ ಇಂಗೇ ಬದ್ಕಿವ್ನಿ.”

ಮುನಿಯಲ್ಲಪ್ಪ ಪಕ್ಕಕ್ಕೆ ತಿರುಗಿದ. “ಮೇಡಂ, ಅವ್ಳೇ ಓಗು ಅಂತಾವ್ಳೆ. ಓಗ್ಬುಡ್ಲಾ?”

“ಅಕಿ ದಾಟೂತನಕ ಗಾಡಿ ಮಿಸುಕಬಾರದ್ರಿ. ಮಿಸುಕಿತಂದ್ರ ಸೊನ್ನಿ,” ಎಂದರು ಸ್ಮಿತಾ, ಗಡಿಯಾರ ನೋಡುತ್ತ. ನಾಲ್ಕೂವರೆ ನಿಮಿಷ ಉಳಿದಿತ್ತು.

ಹಿಂದೆ ಹಾರನ್ನುಗಳು ಶುರುವಾದವು. ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು, “ಏನ್ ಗುರು, ಗಾಡಿ ಕೆಟ್ಟೋಯ್ತಾ?” ಅಂದ. “ಇಲ್ಲ, ಅವ್ರಿಗ್ ದಾರಿ ಬಿಟ್ಟಿವ್ನಿ,” ಅಂದ ಮುನಿಯಲ್ಲಪ್ಪ. ಸ್ಕೂಟರಿನವನು ಅವನನ್ನು ಒಂದು ಕ್ಷಣ ಮರುಕದಿಂದ ನೋಡಿ, ಜೀಬ್ರಾ ಪಟ್ಟೆಯ ಮೇಲೇ ಬಳಸಿಕೊಂಡು ಹೋದ.

ಮರಿಯಮ್ಮನ ಹೆದರಿಕೆಗೂ ಕಾರಣವಿತ್ತು. ಹೋದ ವರ್ಷ ಯುಗಾದಿಯ ಮಾರನೇ ದಿನ, ಹೊಸತೊಡಕಿನ ಬೆಳಿಗ್ಗೆ, ಮಟನ್ ಅಂಗಡಿಗೆ ಹೋಗುವ ಆತುರದಲ್ಲಿ ಮುನಿಯಲ್ಲಪ್ಪ ರಿವರ್ಸ್ ತೆಗೆದು ಅವಳ ಮನೆ ಮುಂದಿನ ಜಗಲಿಯನ್ನೇ ಕೆಡವಿದ್ದ. ಕಾಫಿ ಲೋಟ ಇಟ್ಟು ಬರಲು ಒಳಗೆ ಎದ್ದುಹೋಗಿದ್ದಕ್ಕೆ ಅವಳು ಉಳಿದಳು. ಆ ವಾರವೇ ಮೇಸ್ತ್ರಿಯನ್ನು ಕರೆಸಿ, ಗ್ರಾನೈಟ್ ಹಾಕಿಸಿ, ಮೊದಲಿನದಕ್ಕಿಂತ ಚೆಂದದ ಜಗಲಿ ಕಟ್ಟಿಸಿಕೊಟ್ಟ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದ. ಆ ಜಗಲಿಯ ಮೇಲೆ ಅವಳು ಇವತ್ತಿನವರೆಗೂ ಕೂತಿಲ್ಲ.

“ನಾನೀಗ ಬದ್ಲಾಗಿವ್ನಿ ಕಣಕ್ಕ! ಟೀವೀಲೇ ತೋರ್ಸವ್ರೆ!”

“ಟೀವೀಲಿ ಏನೇನೋ ತೋರಿಸ್ತಾರೆ ಬುಡು.”

ಮುನಿಯಲ್ಲಪ್ಪನಿಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಅರವತ್ತು ದಾಟಿದ ಮೇಲೆ, ಹೆಂಡತಿಯ ಮುಂದೆ ಕೂಡ ಪಡದ ನಾಚಿಕೆ. “ನಾನ್ ಇನ್ನೇನ್ ಮಾಡ್ಬೇಕು ಏಳಕ್ಕ,” ಅಂದ.

ಮರಿಯಮ್ಮ ಸೊಪ್ಪಿನ ಕಟ್ಟನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಾಯಿಸಿ ಯೋಚಿಸಿದಳು. “ಕೀ ತೆಗ್ದು ಇತ್ತಾಗ್ ಕೊಡು. ದಾಟ್ತೀನಿ.”

“ಮೇಡಂ, ಇಳಿಬೋದಾ?”

ಸ್ಮಿತಾ ನಿಯಮದ ಹಾಳೆಯನ್ನು ಹಿಂದೆ ಮುಂದೆ ತಿರುವಿ ನೋಡಿದರು. “ಇಳೀಬಾರದಂತ ಎಲ್ಲೂ ಬರದಿಲ್ರಿ.”

ಅವನು ಮೇಡಂ ಹೇಳಿಕೊಟ್ಟ ಹಾಗೆಯೇ ಹ್ಯಾಂಡ್‌ಬ್ರೇಕ್ ಎಳೆದ, ನಾಲ್ಕೂ ಇಂಡಿಕೇಟರ್ ಹಾಕಿದ, ಎಂಜಿನ್ ನಿಲ್ಲಿಸಿ ಕೀ ಕಿತ್ತ, ಕನ್ನಡಿಯಲ್ಲಿ ನೋಡಿ ಬಾಗಿಲು ತೆಗೆದು ಇಳಿದ. ಕೀ ಮರಿಯಮ್ಮನ ಅಂಗೈಗೆ ಬಿತ್ತು. ಅವಳು ಅದನ್ನು ಸೊಂಟದ ಎಲೆಅಡಿಕೆ ಚೀಲದೊಳಗೆ ತುರುಕಿ, ದಾರ ಎಳೆದು ಕಟ್ಟಿ, ಪಟ್ಟೆಯ ಮೇಲೆ ಕಾಲಿಟ್ಟಳು. ಅತ್ತ ನೋಡಲಿಲ್ಲ, ಇತ್ತ ನೋಡಲಿಲ್ಲ. ಆ ರಸ್ತೆ ಆದಾಗಿನಿಂದ ಮೊದಲ ಸಲ ಅದನ್ನು ಓಡದೆ, ನಡೆದು ದಾಟಿದಳು. ಹಿಂದಿನವರ ಹಾರನ್ನು ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ.

“ದಾರಿ ಬಿಟ್ಟಿದ್ದಕ್ಕ ಹತ್ತಕ್ಕ ಹತ್ತು,” ಎಂದು ಸ್ಮಿತಾ ಬರೆದುಕೊಂಡರು. “ಭಾಳ ಚಲೋ ಮಾಡಿದ್ರಿ. ಇನ್ನ ಎರಡ ನಿಮಿಷ ಅದಾವ, ಹತ್ರಿ.”

ಮುನಿಯಲ್ಲಪ್ಪನ ಮುಖ ಅರಳಿತು. ಹತ್ತಿ ಕೂತ. ಕೈ ಅಭ್ಯಾಸದ ಮೇಲೆ ಕೀ ಇರುವ ಜಾಗಕ್ಕೆ ಹೋಯಿತು.

“ಮರಿಯಕ್ಕಾ! ಕೀ!”

ಮರಿಯಮ್ಮ ಆಗಲೇ ಎದುರಿನ ಅಂಗಡಿಯ ಮೆಟ್ಟಿಲ ಮೇಲೆ ಕಾಲು ನೀಡಿ ಕೂತು ಸೊಪ್ಪು ಬಿಡಿಸಲು ಶುರು ಮಾಡಿದ್ದಳು.

“ಕೊಡ್ತೀನಿ ಕಣಪ್ಪ, ನಾನೇನ್ ತಿನ್ಕಂತೀನಾ? ನಮ್ ಬೀದಿ ಮಕ್ಳೆಲ್ಲ ಇಸ್ಕೂಲಿಂದ ಮನೆ ಸೇರ್ಕಳ್ಲಿ.”