ಸಾನಪಾಡಾವನ್ನು ಕಾದ ಅಳು

ಮುಚ್ಚಿದ ಹೋಟೆಲಿನ ಹಿಂಬಾಗಿಲಿಗೆ ಅದರ ಮಾಲೀಕ ಶೇಖರ ಊಟದ ಡಬ್ಬಿ ಒಯ್ಯುವುದನ್ನು ನಾಗವೇಣಿ ಮೂರನೆಯ ದಿನವೂ ನೋಡಿದಳು. ಒಳಗೆ ಯಾರನ್ನೋ ಬಚ್ಚಿಟ್ಟಿದ್ದಾನೆ. ಶತ್ರುಗಳ ಗೂಢಚಾರನೇ ಇರಬೇಕು.

ಆಕಾಶದಿಂದ ಇಳಿದ ಆ ಶತ್ರುಗಳು 2011ರಲ್ಲಿ ಹತ್ತಿರದ ಕಾಮೋಠೆ ಬಡಾವಣೆ ಹಿಡಿದರು, ಮರುವರ್ಷ ಸೀವುಡ್ಸ್. ಅವರು ಎತ್ತಿಕೊಂಡು ಹೋದವರು ಮರಳಲಿಲ್ಲ. ಸಾನಪಾಡಾ ಮಾತ್ರ ಉಳಿದಿತ್ತು, ಹೆಂಗಸರ ಅಳುವಿನಿಂದ. ಸತ್ತವರ ಗುಣ ಹಾಡುತ್ತ, ಮೈದುಂಬಿ ತೂಗುತ್ತ ಅಳುವವರ ಎದುರು ಶತ್ರುಗಳು ಗಕ್ಕನೆ ನಿಲ್ಲುತ್ತಿದ್ದರು. ತಲೆ ತಗ್ಗಿಸಿ ಹಿಂದಿರುಗುತ್ತಿದ್ದರು. ಏಕೆಂದು ಯಾರಿಗೂ ತಿಳಿಯದು. ಸುಳ್ಳು ಅಳು ಮಾತ್ರ ಅವರ ಮುಂದೆ ನಡೆಯುತ್ತಿರಲಿಲ್ಲ. ಹಾಗೆ ಅತ್ತ ಇಬ್ಬರನ್ನು ರೈಲು ಸ್ಟೇಷನ್ನಿನ ಮುಂದಿನಿಂದಲೇ ಒಯ್ದಿದ್ದರು.

ನಾಗವೇಣಿಯದು ಸುಳ್ಳಲ್ಲ. ಆರು ತಿಂಗಳ ಹಿಂದೆ, ಅಳುವವರ ಹಿರಿಯಳಾದ ಮರಗಮ್ಮ ಬಂದು ಅವಳ ಗಂಡ ಯಂಕಪ್ಪನನ್ನು ಶತ್ರುಗಳು ಕೊಂದರೆಂದು ಹೇಳಿ, ರಕ್ತ ಮೆತ್ತಿದ ಅಂಗಿಯನ್ನು ಕೈಗಿತ್ತಿದ್ದಳು. ರಾಯಚೂರಿನಿಂದ ಜೊತೆಗೆ ಬಂದು, ಹನ್ನೊಂದು ವರ್ಷ ಜೊತೆಗೇ ಇಟ್ಟಿಗೆ ಹೊತ್ತ ಗಂಡ. ಬಳೆ ಒಡೆದುಕೊಂಡವಳು ಅಂದಿನಿಂದ ದಿನವೂ, ಶತ್ರುಗಳು ಬರುವ ನಾಲ್ಕು ಗಂಟೆಗೆ, ಸ್ಟೇಷನ್ನಿನ ಮುಂದೆ ಕೂತಳು. ಅವಳು ದನಿ ತೆಗೆದರೆ ಅಳುವವರ ಸಾಲಿಗೆ ಸಾಲೇ ಮೈದುಂಬುತ್ತಿತ್ತು.

ಡಬ್ಬಿಯ ವಿಷಯ ತಿಳಿಸಿದಾಗ ಮರಗಮ್ಮ ಸಿಡುಕಿದಳು. ಆ ಕಡೆ ತಲೆ ಹಾಕಬೇಡ, ನಿನ್ನ ಕೆಲಸ ಅಳುವುದು ಎಂದಳು.

ಶೇಖರನನ್ನೇ ಕೇಳಿದಳು. ಅವನು ಅವಳ ಮುಖ ನೋಡಲಿಲ್ಲ. “ನಮ್ಮ ಅಡುಗೆ ಭಟ್ರಿಗೆ ಜ್ವರ ಉಂಟು. ನೀವು ಆಚೆ ಬರ್ಬೇಡಿ ಅಕ್ಕ, ನಿಮಗೇ ಒಳ್ಳೇದಲ್ಲ.”

ಮರುದಿನ ಮೂರೂವರೆಗೆ ಅವಳು ಆ ಬಾಗಿಲ ಮುಂದಿದ್ದಳು. ಶೇಖರ ಬಡಿಯುವಂತೆಯೇ ಎರಡು ಸಲ ಬಡಿದಳು. ಒಳಗಿನಿಂದ ಚಿಲಕ ಸರಿಯಿತು.

ಯಂಕಪ್ಪ ನಿಂತಿದ್ದ. ಒಗೆದ ಅಂಗಿ, ನುಣ್ಣನೆಯ ಗಲ್ಲ.

ನಾಗವೇಣಿ ಅವನ ತೋಳು, ಎದೆ, ಮುಖ ಮುಟ್ಟಿ ಮುಟ್ಟಿ ನೋಡಿದಳು. ಯಾರು ಕೂಡಿಹಾಕಿದರು ಎಂದು ಕೇಳಿದಳು, ಈಗಲೇ ಓಡಿಹೋಗೋಣ ಎಂದು ಕೈಹಿಡಿದು ಎಳೆದಳು. ಅವನು ಕದಲಲಿಲ್ಲ.

“ಯಾರೂ ಕೂಡಿಹಾಕಿಲ್ಲ,” ಎಂದ. “ನಾ ಸತ್ತೀನಂತ ನಿನಗ ಹೇಳೋ ಉಪಾಯ ಮರಗಮ್ಮಗ ಕೊಟ್ಟಾಂವ ನಾನ.”

ಅವಳ ಕೈ ಸಡಿಲಾಯಿತು. ಯಂಕಪ್ಪ ಕಿಟಕಿಯ ಸಂದಿಯಿಂದ ಸ್ಟೇಷನ್ನಿನ ಕಡೆ ನೋಡಿದ. ನಾಲ್ಕಾಗಲು ಇನ್ನು ಹೆಚ್ಚು ಹೊತ್ತಿರಲಿಲ್ಲ.

“ಯಾಕ ಬಂದಿ, ನಾಗಿ? ಇನ್ನ ಖರೇ ಅಳೋರು ಯಾರು?”