ಮಾವನ ಮೂರು ಮಾತು

“ಕಿಮ್ಮತ್ತು,” ಎಂದರು ಮಾವ, ಬಾಯಿಯ ಹತ್ತಿರ ಬಂದ ಔಷಧಿಯ ಚಮಚವನ್ನು ಎಡಗೈಯಿಂದ ಆಚೆಗೆ ತಳ್ಳಿ.

ಲಕ್ವ ಹೊಡೆದು ಬಲಭಾಗ ಸೋತಮೇಲೆ, ಇಪ್ಪತ್ತೆರಡು ದಿನಕ್ಕೆ ಅವರ ಬಾಯಿಂದ ಬಂದ ಮೊದಲ ಮಾತು ಅದು. ಚಮಚ ಹಿಡಿದಿದ್ದ ಮಗನ ಮುಖ ಸಣ್ಣಗಾಯಿತು. “ಈ ಮನೇಲಿ ನನಗೆ ಕಿಮ್ಮತ್ತಿಲ್ಲ ಅಂತಿದಾರೆ,” ಎಂದು ಹೆಂಡತಿಯ ಕಡೆ ನೋಡಿದ. ಸೊಸೆ ಪಕ್ಕದ ಕೋಣೆಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತಳು. ಕಾಲು ತುಳಿಯಿತು, ಮನಸ್ಸು ತುಳಿಯಲಿಲ್ಲ. ನೆಟ್ಟಗೆ ಬರಬೇಕಾದ ಹೊಲಿಗೆ ಹಾವಿನ ಹಾಗೆ ಹರಿಯಿತು.

ಮಾರನೆಯ ಮಧ್ಯಾಹ್ನ “ಮುಕ್ಕಾಂ” ಎಂದರು. ಅದರ ಮಾರನೆಯ ದಿನ “ಖಾಯಂ, ಖಾಯಂ” ಎಂದು ಎರಡು ಸಲ. ಬೀಳದಿರಲೆಂದು ಮಗ ಮಂಚಕ್ಕೆ ಕಟ್ಟಿಸಿದ್ದ ಅಡ್ಡಗಂಬಿಯನ್ನು ಎಡಗೈಯಿಂದ ಬಡಿಯುತ್ತ ಹೇಳಿದರು. ಸುದ್ದಿ ಕೇಳಿ ಓಡಿಬಂದ ಮಗಳು ಮೂರನ್ನೂ ಸೇರಿಸಿ ಲೆಕ್ಕ ಚುಕ್ತಾ ಮಾಡಿಬಿಟ್ಟಳು.

“ಕಿಮ್ಮತ್ತಿಲ್ಲದ ಕಡೆ ಇರಲ್ಲ, ಮುಕ್ಕಾಂ ಬದಲಾಯಿಸ್ತೀನಿ, ಖಾಯಮ್ಮಾಗಿ. ಇದಕ್ಕಿಂತ ಬಿಡಿಸಿ ಹೇಳೋಕಾಗತ್ತಾ ಅಣ್ಣ? ನಾಳೆ ಬೆಳಿಗ್ಗೆ ಗಾಡಿ ತರ್ತೀನಿ. ಅಪ್ಪ ನಮ್ಮನೇಲಿರಲಿ.”

ಅಣ್ಣ ತಲೆಯಾಡಿಸಿದ. ಅತ್ತಿಗೆಯನ್ನು ಯಾರೂ ಕೇಳಲಿಲ್ಲ.

ಬೆಳಿಗ್ಗೆ ಸೊಸೆಯೇ ಮಾವನ ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದಳು. ಮೂವತ್ತು ವರ್ಷ ಅರಬ್ಬಿ ಕಾಗದಪತ್ರಗಳನ್ನು ಕನ್ನಡಕ್ಕೆ ತಿರುಗಿಸಿದ ಮನುಷ್ಯ. ಅವಳು ಹನ್ನೊಂದು ವರ್ಷದಿಂದ ಕೊಟ್ಟ ಪ್ರತಿ ಲೋಟ ಚಹಾಕ್ಕೂ ಒಂದೊಂದು ಪದ ಹಿಂತಿರುಗಿಸಿದವರು. “ನೀನು ಹೊಲಿಯೋ ಜೇಬು ಎಲ್ಲಿಂದ ಬಂತು ಗೊತ್ತೇನಮ್ಮ?” ಎಂದರೆ, “ನನ್ನ ಕತ್ತರಿಯಿಂದ ಬಂತು ಮಾವ,” ಎನ್ನುತ್ತಿದ್ದಳು. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಂಥವರಿಗೆ ಇಲ್ಲಿ ಏನು ಕಡಿಮೆಯಾಯಿತು? ಎಷ್ಟು ಯೋಚಿಸಿದರೂ ಅವಳಿಗೆ ತಲೆಬುಡ ಹತ್ತಲಿಲ್ಲ.

ಮಂಚದ ಕೆಳಗಿಂದ ಚಪ್ಪಲಿ ಎಳೆಯುವಾಗ ಜೊತೆಗೆ ರಟ್ಟಿನ ಪೆಟ್ಟಿಗೆಯೂ ಬಂತು. ಕನ್ನಡದೊಳಗೆ ಬಂದು ಬೇರುಬಿಟ್ಟ ಅರಬ್ಬಿ ಪದಗಳನ್ನು ಮಾವ ಚೀಟಿಗಳಲ್ಲಿ ಬರೆದಿಡುತ್ತಿದ್ದ ಪೆಟ್ಟಿಗೆ. ಮುಕ್ಕಾಂ ಬಗ್ಗೆ ಏನು ಬರೆದಿರಬಹುದು? ಸುಮ್ಮನೆ ಒಂದು ಕುತೂಹಲ. ‘ಮ’ದಲ್ಲಿ ಹುಡುಕಿದಳು, ಇಲ್ಲ. ‘ಖ’ದಲ್ಲಿ ಖಾಯಂ ಕೂಡ ಇಲ್ಲ. ಆಗ ಅವರ ಮಾತೊಂದು ನೆನಪಾಯಿತು: “ಅರಬ್ಬಿ ಪದಾನ ಮೊದಲಕ್ಷರ ಹಿಡಿದು ಹುಡುಕಬಾರದಮ್ಮ, ಮನೆತನ ಹಿಡಿದು ಹುಡುಕಬೇಕು. ಮೂರಕ್ಷರದ ಒಂದೇ ಬೇರು, ಅದಕ್ಕೆ ಮನೆ ತುಂಬ ಮಕ್ಕಳು.”

ಅವಳು ಪೆಟ್ಟಿಗೆಯನ್ನು ಬೋರಲು ಹಾಕಿದಳು.

“ಅತ್ತಿಗೆ, ಗಾಡಿಯವನು ಕಾಯ್ತಿದಾನೆ. ಆ ಕಸ ಇಲ್ಲೇ ಇರಲಿ ಬಿಡಿ,” ಎಂದಳು ಬಾಗಿಲಲ್ಲಿ ನಿಂತ ನಾದಿನಿ.

“ಒಂದೇ ನಿಮಿಷ ತಾಳಿ.”

ಒಂದು ನಿಮಿಷ ಹತ್ತಾಯಿತು. ನೆಲದ ತುಂಬ ಚೀಟಿಗಳು. ನಡುವೆ ಮಂಡಿಯೂರಿ ಕೂತವಳು ಒಂದನ್ನು ಎತ್ತಿ ಹಿಡಿದಳು. ಅದು ಮತ್ತೆ ಕೆಳಗೆ ಬರಲಿಲ್ಲ. ಮೂರು ಪದಗಳೂ ಒಂದೇ ಚೀಟಿಯಲ್ಲಿದ್ದವು, ಒಂದೇ ಥಾನಿನಿಂದ ಕತ್ತರಿಸಿದ ಬಟ್ಟೆಗಳ ಹಾಗೆ. ಅವಳು ಗಟ್ಟಿಯಾಗಿ ಓದಿದಳು: “ಕ, ವ, ಮ. ಬೇರಿನ ಅರ್ಥ, ಎದ್ದು ನಿಲ್ಲು. ನಿಂತೇ ಇರುವುದು ಖಾಯಂ. ನಿಂತ ಜಾಗ ಮುಕ್ಕಾಂ. ವಸ್ತು ಎಷ್ಟಕ್ಕೆ ನಿಲ್ಲುತ್ತದೋ ಅದು ಕಿಮ್ಮತ್ತು.”

ಓದಿ, ಮಂಚದ ಹತ್ತಿರ ಹೋಗಿ ಬಗ್ಗಿದಳು. “ಮಾವ, ನಿಮಗೆ ಎದ್ದು ನಿಲ್ಲಬೇಕಾ?”

ಮಾವ ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣುಗಳ ಎರಡೂ ತುದಿಯಿಂದ ನೀರು ಇಳಿದು ಕಿವಿ ಸೇರಿತು. ತಲೆದಿಂಬು ಅಲ್ಲಾಡುವಷ್ಟು ಜೋರಾಗಿ ಹೌದೆಂದು ತಲೆಯಾಡಿಸಿದರು.

“ಅವರಿಗೆ ‘ನಿಲ್ಲು’ ಅನ್ನೋ ಆ ಒಂದು ಪದ ಸಿಗ್ತಿರಲಿಲ್ಲ,” ಎಂದಳು ಸೊಸೆ. “ಅದರ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಕಳಿಸ್ತಿದ್ದರು. ನಾವು ಬಾಗಿಲಲ್ಲೇ ನಿಲ್ಲಿಸಿ ಜಗಳ ಆಡ್ಕೊಂಡ್ವಿ. ರೀ, ಆ ಕಂಬಿ ಬಿಚ್ಚಿ.”

“ಬಿದ್ದುಬಿಟ್ರೆ?”

“ಹಿಡ್ಕೊಳ್ಳೋಕೆ ಮೂರು ಜನ ಇದೀವಲ್ಲ.”

ಮಗ ಕಂಬಿ ಬಿಚ್ಚಿ ಎಡ ತೋಳಿಗೆ ಹೆಗಲು ಕೊಟ್ಟ. ಮಗಳು ಬಲಕ್ಕೆ ಬಂದಳು. ಸೊಸೆ ಗುಂಡುಸೂಜಿ ಕಚ್ಚುವ ಅಭ್ಯಾಸದಂತೆ ಚೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ಸೊಂಟ ಹಿಡಿದಳು. ಒಂದು, ಎರಡು, ಮೂರು. ಮಾವ ಎದ್ದರು. ಕಾಲುಗಳು ಗಡಗಡ ನಡುಗಿದವು. ಉಸಿರು ಎಲ್ಲೋ ಸಿಕ್ಕಿಹಾಕಿಕೊಂಡು, ಆಮೇಲೆ ಒಂದೇ ಸಲಕ್ಕೆ ಹೊರಬಂತು.

“ಕಯಾಮತ್!”

“ಅಯ್ಯೋ, ಪ್ರಳಯ ಅಂತಿದಾರೆ!” ಮಗಳು ಕಿರುಚಿದಳು. “ಮಲಗಿಸಣ್ಣ, ಮಲಗಿಸು!”

ಸೊಸೆ ಬಾಯಿ ಬಿಡುವ ಹಾಗಿರಲಿಲ್ಲ. ಕತ್ತನ್ನು ನಾದಿನಿಯ ಕಡೆ ಚಾಚಿ, ಚೀಟಿ ತಗೊಳ್ಳಿ ಎಂದು ಕಣ್ಣಿನಲ್ಲೇ ಗದರಿದಳು. ನಾದಿನಿ ಒಂದು ಕೈಯಿಂದ ಅದನ್ನು ಕಿತ್ತುಕೊಂಡು ಕೊನೆಯ ಸಾಲು ಹುಡುಕಿದಳು.

“ಕಯಾಮತ್. ಜನ ಇದನ್ನು ಪ್ರಳಯ ಅಂದುಕೊಳ್ಳುತ್ತಾರೆ,” ಎಂದು ತಡವರಿಸುತ್ತ ಓದಿದಳು. “ಮೂಲದಲ್ಲಿ ಹಾಗಲ್ಲ. ಸತ್ತವರು... ಸತ್ತವರು ಎದ್ದು ನಿಲ್ಲುವ ದಿನ.”

ಅವಳು ಓದಿ ತಲೆಯೆತ್ತುವಷ್ಟರಲ್ಲಿ, ಇಪ್ಪತ್ತೈದು ದಿನ ಸತ್ತಂತಿದ್ದ ಅಪ್ಪನ ಬಲಗಾಲು ನೆಲದ ಚೀಟಿಗಳನ್ನು ಸರಿಸಿಕೊಂಡು ಒಂದು ಬೆರಳಿನಷ್ಟು ಮುಂದೆ ಬಂದಿತ್ತು.